ಡೀಸೆಲ್ ಬಿಲ್ಲಿನ ಸರಾಸರಿ ನಂಬಿ ಹುಡುಗನ ಮೇಲೆ ಅನುಮಾನ ಪಟ್ಟೆವು

ನಾವು ಏಳು ಮನೆಯವರು ಸೇರಿ ಒಂದು ಹಳೇ ಡೀಸೆಲ್ ಪಿಕಪ್ ಇಟ್ಟುಕೊಂಡಿದ್ದೇವೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಮೂರೂ ಕಡೆಗೆ ನಮಗೆ ಓಡಾಟ ಇದ್ದೇ ಇದೆ. ಹೋಗುವಾಗ ಅಡಿಕೆ, ಕಾಳುಮೆಣಸು, ಬರುವಾಗ ಗೊಬ್ಬರ, ಸುಣ್ಣ, ಮೈಲುತುತ್ತ, ಹಿಂಡಿ. ಓಡಿಸುವವನು ನಮ್ಮ ಪಕ್ಕದ ಕೇರಿಯ ಹುಡುಗ. ಡೀಸೆಲ್ ಹಾಕಿಸಿದ ಬಿಲ್ಲನ್ನು ತಂದು ನನ್ನ ಮನೆಯ ಜಗಲಿಯಲ್ಲಿ ನೇತು ಹಾಕಿದ ತಂತಿಗೆ ಚುಚ್ಚುವುದು, ತಿಂಗಳ ಕೊನೆಗೆ ನಾನು ಕೂಡಿಸಿ ಮನೆ ಮನೆಗೆ ಹಂಚುವುದು. ಇದು ನಮ್ಮ ಪದ್ಧತಿ.

2025ರ ಮೇ ಕೊನೆಯಲ್ಲಿ ಲೆಕ್ಕಕ್ಕೆ ಕೂತಾಗ ನಮ್ಮಲ್ಲೊಬ್ಬರು ಫೆಬ್ರುವರಿಯಿಂದ ಆ ವರೆಗಿನ ಬಿಲ್ಲುಗಳನ್ನು ಊರುವಾರು ಬೇರೆ ಮಾಡಿ ಸರಾಸರಿ ತೆಗೆದರು. ಒಂದು ಊರಿನ 12 ಬಿಲ್ಲು, ಇನ್ನೊಂದು ಊರಿನ 10 ಬಿಲ್ಲು, ಮೂರನೆಯದರ ಮೂರೇ ಮೂರು. ಮೂರನೆಯದನ್ನು ಬದಿಗಿಟ್ಟರು. ಮೊದಲ ಊರಿಗಿಂತ ಎರಡನೇ ಊರಲ್ಲಿ ಸರಾಸರಿ ದರ ಲೀಟರಿಗೆ 1 ರೂ. 72 ಪೈಸೆ ಹೆಚ್ಚು ಬಂತು.

"ಎಂತ ಮಾರಾಯ್ರೆ ಇದು? ಲೀಟರಿಗೆ ಹತ್ತಿರತ್ತಿರ ಎರಡು ರೂಪಾಯಿ ಹೆಚ್ಚು ಕೊಟ್ಟು ಅಲ್ಲೇ ಯಾಕೆ ಹಾಕಿಸ್ತಾನೆ ಇವ? ಬಂಕಿನವರ ಹತ್ರ ಏನೋ ಒಳಒಪ್ಪಂದ ಉಂಟು" ಅಂದರು. ಮತ್ತೊಬ್ಬರು ಸೇರಿಸಿದರು: "ದರ ಮಾತ್ರ ಅಲ್ಲ, ಬಿಲ್ಲಲ್ಲಿ ಇಪ್ಪತ್ತೈದು ಲೀಟರ್ ಅಂತ ಇದ್ರೆ ಟ್ಯಾಂಕಿಗೆ ಇಪ್ಪತ್ತೆರಡು ಹೋಗ್ತದೋ ಏನೋ." ನಾನು ಇಲ್ಲ ಅನ್ನಲಿಲ್ಲ. ಅಂಕಿ ಕಣ್ಣೆದುರಿಗೇ ಇತ್ತಲ್ಲ! ಹುಡುಗನನ್ನು ಕರೆಸಿ ಕೇಳಿದೆವು. ಅವನು ಹೆಚ್ಚು ಮಾತಾಡಲಿಲ್ಲ. "ಅಣ್ಣ, ಬಿಲ್ಲು ಒಂದೂ ಬಿಟ್ಟಿಲ್ಲ ನಾನು" ಅಂದ. ಮಾರನೆ ದಿನ ಬೆಳಿಗ್ಗೆ ಪಿಕಪ್ಪಿನ ಕೀ ನನ್ನ ಜಗಲಿ ಮೇಲೆ ಇತ್ತು.

ಬೇರೆ ಕಡೆ ಬಿತ್ತನೆ ಬೀಜದಿಂದ ಹಿಡಿದು ಮದ್ದಿನವರೆಗೆ "ಸರಾಸರಿ ಇಷ್ಟು ಹೆಚ್ಚು" ಎಂಬ ಮಾತಿಗೆ ನಾವು ರೈತರು ದಿನಾ ತಲೆ ಒಪ್ಪಿಸುತ್ತೇವೆ. ಆ ಮಾತನ್ನು ಒರೆಗೆ ಹಚ್ಚುವುದು ಹೇಗೆ ಅಂತ ನಾನು ಕಲಿತದ್ದು ಈ ಕೀ ಜಗಲಿ ಮೇಲೆ ಬಂದ ಮೇಲೆ. ಕಲಿಸಿದವಳು ಡಿಗ್ರಿಯಲ್ಲಿ ಸಂಖ್ಯಾಶಾಸ್ತ್ರ ಓದುವ ನನ್ನ ತಂಗಿಯ ಮಗಳು. ರಜೆಗೆ ಬಂದಿದ್ದಳು.

ಇಲ್ಲೊಂದು ಮಾತು. ಮೂರು ಊರಲ್ಲಿ 'ಮೊದಲ ಊರು' ಯಾವುದು, 'ಎರಡನೇ ಊರು' ಯಾವುದು ಅಂತ ನಾನು ಬರೆಯುವುದಿಲ್ಲ. ನಾವು ಹೋಗುವುದು ಊರಿಗೊಂದು ಬಂಕಿಗೆ, ಅದೂ ಕೆಲವು ತಿಂಗಳ ಮಾತು. ಓದಿದವರು ಇಂಥ ಊರಲ್ಲಿ ಡೀಸೆಲ್ ದುಬಾರಿ ಅಂತ ಹೇಳಿಕೊಂಡು ತಿರುಗುವುದು ಬೇಡ.

ಚೀಟಿ ಕಲಸಿ ನೋಡಿದ್ದು

"ಮಾವ, ಮೊದಲು ಒಂದು ಪ್ರಶ್ನೆ. ಎರಡೂ ಊರಲ್ಲಿ ದರ ಒಂದೇ ಅಂತ ಇಟ್ಕೊಳ್ಳಿ. ಆದರೂ ಬರೀ ಅದೃಷ್ಟದಿಂದ ನಿಮ್ಮ ಬಿಲ್ಲುಗಳು ಹೀಗೆ ಹಂಚಿಹೋಗಿ 1 ರೂ. 72 ಪೈಸೆ ವ್ಯತ್ಯಾಸ ಬರಬಹುದಾ?" ಅಂತ ಕೇಳಿದಳು. ಬರಬಹುದೋ ಏನೋ, ನನಗೆ ಗೊತ್ತಿಲ್ಲ ಅಂದೆ. "ಹಾಗಾದರೆ ಮಾಡಿ ನೋಡೋಣ."

22 ಬಿಲ್ಲಿನ ದರವನ್ನು 22 ಚೀಟಿಯಲ್ಲಿ ಬರೆದು, ಅಡಿಕೆ ಹಾಳೆ ತಟ್ಟೆಯಲ್ಲಿ ಹಾಕಿ ಕಲಸಿದೆವು. ಕಣ್ಣು ಮುಚ್ಚಿ 12 ಒಂದು ಕಡೆ, 10 ಇನ್ನೊಂದು ಕಡೆ. ಎರಡರ ಸರಾಸರಿ ತೆಗೆದು ವ್ಯತ್ಯಾಸ ಬರೆದೆವು. ಮತ್ತೆ ಕಲಸು, ಮತ್ತೆ ಹಂಚು. ಊರಿನ ಹೆಸರಿಗೂ ದರಕ್ಕೂ ಸಂಬಂಧವೇ ಇಲ್ಲದಿದ್ದರೆ ಎಂಥ ಎಂಥ ವ್ಯತ್ಯಾಸ ಬರುತ್ತದೆ ಅನ್ನುವುದನ್ನು ಇದು ತೋರಿಸುತ್ತದೆ. ಒಮ್ಮೆ 20 ಪೈಸೆ, ಒಮ್ಮೆ 55 ಪೈಸೆ, ಒಮ್ಮೆ ಉಲ್ಟಾ, ಮೊದಲ ಊರೇ ದುಬಾರಿ. ಎರಡು ಸಂಜೆ ಕೂತು ನೂರು ಸಲ ಮಾಡಿದೆವು. 1 ರೂ. 72 ಪೈಸೆ ಒಂದು ಸಲವೂ ಬರಲಿಲ್ಲ. ಅವಳು ಸೂತ್ರ ಹಾಕಿ ಲೆಕ್ಕ ಮಾಡಿ, ಸುಮಾರು ಸಾವಿರ ಸಲ ಕಲಸಿದರೆ ಒಮ್ಮೆ ಬರಬಹುದು ಅಂದಳು.

'ಏನೂ ವ್ಯತ್ಯಾಸ ಇಲ್ಲ' ಎಂದು ಮೊದಲು ಹಿಡಿದುಕೊಂಡ ಮಾತಿಗೆ ಪುಸ್ತಕದಲ್ಲಿ ಶೂನ್ಯ ಪ್ರಾಕ್ಕಲ್ಪನೆ ಎಂಬ ದೊಡ್ಡ ಹೆಸರಿದೆಯಂತೆ. ನಮಗೆ 'ಇಲ್ಲ ಎಂಬ ಊಹೆ' ಅಂದರೆ ಸಾಕು. ಆ ಊಹೆ ನಿಜವಾಗಿದ್ದರೆ ಕೈಯಲ್ಲಿರುವ ಅಂಕಿ ಬರುವುದು ಎಷ್ಟು ಅಪರೂಪ? ನೂರಕ್ಕೆ ಐದಕ್ಕಿಂತ ಅಪರೂಪವಾದರೆ ಊಹೆಯನ್ನು ಬಿಟ್ಟುಬಿಡುವುದು ವಾಡಿಕೆ. ಈ ನೂರಕ್ಕೆ ಐದು ಬ್ರಹ್ಮಲಿಪಿ ಏನಲ್ಲ. ಇಂಗ್ಲೆಂಡಿನ ರಾಥಂಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ಕೆಲಸ ಮಾಡುತ್ತಿದ್ದ ಫಿಶರ್ ಎಂಬವರು 1925ರ ತಮ್ಮ ಪುಸ್ತಕದಲ್ಲಿ ಬಳಸಿದ ಅಳತೆ ಇದು, ಹಾಗೇ ರೂಢಿಗೆ ಬಂತು. ಅವರ ಮುಂದಿದ್ದದ್ದು ಗದ್ದೆಯ ಗೊಬ್ಬರ ಪ್ರಯೋಗಗಳು! ನಾಣ್ಯ ಚಿಮ್ಮಿ ಯೋಚಿಸಿದರೆ ಈ ಅಳತೆ ಸರಿಯಾಗಿ ಅರ್ಥವಾಗುತ್ತದೆ. ಒಬ್ಬ ನಾಲ್ಕು ಸಲ ಚಿಮ್ಮಿ ನಾಲ್ಕೂ ಸಲ ರಾಜನ ತಲೆ ಬಿತ್ತು ಅಂದರೆ ಅದೃಷ್ಟ ಅಂತೀರಿ, 16ಕ್ಕೆ ಒಂದು ಸಂಭವ. ಐದನೇ ಸಲವೂ ಬಿದ್ದರೆ 32ಕ್ಕೆ ಒಂದು, ಅಂದರೆ ನೂರಕ್ಕೆ ಮೂರು. ಆವಾಗ ನಾಣ್ಯ ತೋರಿಸು ಅಂತ ಕೈ ಚಾಚುತ್ತೀರಿ. ಆ ಕೈ ಚಾಚುವ ಜಾಗವೇ ನೂರಕ್ಕೆ ಐದು.

ಅಲ್ಲಿಗೆ ನಮ್ಮ ಬಿಲ್ಲಿನ ಪರೀಕ್ಷೆ ಆಯಿತು, 'ಇಲ್ಲ ಎಂಬ ಊಹೆ' ಬಿದ್ದುಹೋಯಿತು. "ನೋಡಿದ್ಯಾ, ಕಳ್ಳ ಸಿಕ್ಕಿದ!" ಅಂದೆ. ಅವಳು ನಕ್ಕಳು. ಆ ನಗು ಆಗ ನನಗೆ ಹಿಡಿಸಲಿಲ್ಲ.

ಬಿಲ್ಲಿನ ತಾರೀಕು

"ಸಾವಿರಕ್ಕೆ ಒಂದು ಅಂದ್ರೆ ಆ ಹುಡುಗ ಸಾಚಾ ಆಗಿರೋ ಸಂಭವ ಸಾವಿರಕ್ಕೆ ಒಂದು ಅಂತಲ್ಲ ಮಾವ. ಅದೃಷ್ಟ ಕಾರಣ ಅಲ್ಲ ಅಂತ ಮಾತ್ರ. ಕಾರಣ ಏನು ಅಂತ ಪರೀಕ್ಷೆ ಹೇಳಲ್ಲ. ಬಿಲ್ಲು ತಾರೀಕಿನ ಪ್ರಕಾರ ಜೋಡಿಸಿ" ಅಂದಳು.

ಜೋಡಿಸಿದೆ. ಅರ್ಧ ಗಂಟೆಯ ಕೆಲಸ. ಮೊದಲ ಊರಿನ 12 ಬಿಲ್ಲಿನಲ್ಲಿ 10 ಏಪ್ರಿಲ್ ಒಂದಕ್ಕಿಂತ ಹಿಂದಿನವು, 2 ಆಮೇಲಿನವು. ಎರಡನೇ ಊರಿನ 10ರಲ್ಲಿ ಹಿಂದಿನದು ಒಂದೇ ಒಂದು, ಬಾಕಿ 9 ಆಮೇಲಿನವು. ಕಾರಣವೂ ನಮ್ಮದೇ. ಫೆಬ್ರುವರಿ, ಮಾರ್ಚಿನಲ್ಲಿ ಅಡಿಕೆ, ಮೆಣಸು ಹೊತ್ತು ಮೊದಲ ಊರಿನ ಕಡೆ ಓಡಾಟ. ಏಪ್ರಿಲ್, ಮೇ ತಿಂಗಳಲ್ಲಿ ಮಳೆಗೆ ಮುಂಚೆ ಗೊಬ್ಬರ ತಂದು ಹಾಕುವ ಗಡಿಬಿಡಿ, ಅದು ಎರಡನೇ ಊರಿನ ಕಡೆ. ಕಳಿಸಿದವರು ನಾವೇ.

2025ರ ಏಪ್ರಿಲ್ 1ಕ್ಕೆ ಏನಾಯಿತು? ಕರ್ನಾಟಕ ಸರ್ಕಾರ ಡೀಸೆಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ. 18.44ರಿಂದ ಶೇ. 21.17ಕ್ಕೆ ಏರಿಸಿತು. ಲೀಟರಿಗೆ ಸುಮಾರು 2 ರೂಪಾಯಿ ಹೆಚ್ಚಾಯಿತು, ರಾಜ್ಯದ ಎಲ್ಲ ಊರಲ್ಲೂ. ಪೆಟ್ರೋಲು, ಡೀಸೆಲಿಗೆ ಜಿಎಸ್‌ಟಿ ಇಲ್ಲವಾದ್ದರಿಂದ ರಾಜ್ಯದ ತೆರಿಗೆ ನೇರವಾಗಿ ಬಂಕಿನ ಬೋರ್ಡಿಗೆ ಬರುತ್ತದೆ. ಅದಕ್ಕೂ ಹಿಂದೆ 2024ರ ಜೂನ್ 15ರಂದು ಇದೇ ತೆರಿಗೆ ಶೇ. 14.34ರಿಂದ 18.44ಕ್ಕೆ ಏರಿತ್ತು. ಏಪ್ರಿಲ್ ಎರಡನೇ ವಾರದಲ್ಲಿ ಕೇಂದ್ರ ಸರ್ಕಾರವೂ ಅಬಕಾರಿ ಸುಂಕವನ್ನು ಲೀಟರಿಗೆ 2 ರೂಪಾಯಿ ಏರಿಸಿತು, ಆದರೆ ಅದನ್ನು ತೈಲ ಕಂಪನಿಗಳೇ ಹೊತ್ತುಕೊಂಡವು, ನಮ್ಮ ಬಿಲ್ಲಿಗೆ ಬರಲಿಲ್ಲ.

ಈಗ ಸಾದಾ ಲೆಕ್ಕ. ಮೊದಲ ಊರಿನ 12 ಬಿಲ್ಲಿನಲ್ಲಿ 2ಕ್ಕೆ ಮಾತ್ರ ಈ 2 ರೂಪಾಯಿ ಸೇರಿತು. 4 ರೂಪಾಯಿಯನ್ನು 12ಕ್ಕೆ ಹಂಚಿದರೆ ಸರಾಸರಿಗೆ 33 ಪೈಸೆ. ಎರಡನೇ ಊರಿನ 10ರಲ್ಲಿ 9ಕ್ಕೆ ಸೇರಿತು. 18 ರೂಪಾಯಿಯನ್ನು 10ಕ್ಕೆ ಹಂಚಿದರೆ 1 ರೂ. 80 ಪೈಸೆ. ತೆರಿಗೆಯೊಂದರಿಂದಲೇ ಬಂದ ವ್ಯತ್ಯಾಸ 1 ರೂ. 47 ಪೈಸೆ! ನಮ್ಮ 1 ರೂ. 72 ಪೈಸೆಯಲ್ಲಿ ಇದನ್ನು ಕಳೆದರೆ ಉಳಿಯುವುದು ಬರೀ 25 ಪೈಸೆ.

ನಾನು ಆವತ್ತೇ ಸಂಜೆ ಹುಡುಗನ ಮನೆಗೆ ಹೋದೆ. ಏನು ಮಾತಾಡಿದೆ ಅಂತ ಬರೆಯಬೇಕಾಗಿಲ್ಲ. ಕೀ ಕೊಟ್ಟು ಬಂದೆ.

ಉಳಿದ 25 ಪೈಸೆ ನಿಜವೋ? ಇದಕ್ಕೆ ಪರೀಕ್ಷೆಯೇ ಬೇಡ. ಒಂದೇ ದಿನ ಮೂರೂ ಊರಿನ ಬೋರ್ಡು ನೋಡಿದರೆ ಮುಗಿಯಿತು. 2017ರ ಜೂನ್ 16ರಿಂದ ಬಂಕುಗಳಲ್ಲಿ ಬೆಳಿಗ್ಗೆ 6 ಗಂಟೆಗೆ ಆ ದಿನದ ದರ ಬರುತ್ತದೆ, ಏರಿಳಿತ ಇರಲಿ ಇಲ್ಲದಿರಲಿ. ಹಾಗಾಗಿ ತಾರೀಕು ಒಂದೇ ಇರಬೇಕು. ಆ ಮೂರೂ ಊರಲ್ಲಿರುವ ನೆಂಟರಿಗೆ ಫೋನು ಮಾಡಿ ಒಂದೇ ಬೆಳಿಗ್ಗೆ ಕೇಳಿ ಬರೆದುಕೊಂಡೆ, ಎರಡು ವಾರ ಬಿಟ್ಟು ಮತ್ತೊಮ್ಮೆ. ಪೈಸೆಯ ವ್ಯತ್ಯಾಸ ಇತ್ತು, ಎರಡು ಸಲವೂ ಅಷ್ಟೇ ಇತ್ತು. ಡಿಪೋದಿಂದ ಬಂಕಿಗೆ ಬರುವ ಟ್ಯಾಂಕರಿನ ಬಾಡಿಗೆ ದರದಲ್ಲಿ ಸೇರುವುದರಿಂದ ದೂರ ಹೆಚ್ಚಿದಂತೆ ಪೈಸೆ ಏರುತ್ತದೆ. 2024ರ ಅಕ್ಟೋಬರ್ ಕೊನೆಗೆ ಸರ್ಕಾರಿ ತೈಲ ಕಂಪನಿಗಳು ರಾಜ್ಯದೊಳಗಿನ ಈ ಸಾಗಣೆ ವ್ಯತ್ಯಾಸವನ್ನು ಸ್ವಲ್ಪ ಸರಿದೂಗಿಸಿದವು, ಪೂರ್ತಿ ಹೋಗಲಿಲ್ಲ.

ಮತ್ತೆ, ನಿಜವಾದ ವ್ಯತ್ಯಾಸ ಬೇರೆ, ಲಾಭದ ವ್ಯತ್ಯಾಸ ಬೇರೆ. ನಾಲ್ಕು ತಿಂಗಳಲ್ಲಿ ನಾವು ಸುಟ್ಟದ್ದು ಒಟ್ಟು 610 ಲೀಟರ್. ಅಷ್ಟನ್ನೂ ದುಬಾರಿ ಊರಲ್ಲೇ ಹಾಕಿಸಿದ್ದರೆ ಹೆಚ್ಚು ಹೋಗುತ್ತಿದ್ದದ್ದು 152 ರೂಪಾಯಿ 50 ಪೈಸೆ. ಅಗ್ಗದ ಬಂಕು ಹುಡುಕಿಕೊಂಡು ಒಂದೇ ಒಂದು ಸಲ, ಹೋಗಿ ಬರುವುದು 50 ಕಿ.ಮೀ. ಅಂತ ಹಿಡಿಯಿರಿ, ಖಾಲಿ ಗಾಡಿ ಓಡಿಸಿದರೂ ನಾಲ್ಕು ಲೀಟರ್ ಮೇಲೆ ಬೇಕು. ಅದೇ 370 ರೂಪಾಯಿ ದಾಟುತ್ತದೆ.

ಇನ್ನೊಂದು ಅನುಮಾನ

ದರದ ವಿಷಯ ಮುಗಿದರೂ 'ಇಪ್ಪತ್ತೈದಕ್ಕೆ ಇಪ್ಪತ್ತೆರಡು' ಎಂಬ ಮಾತು ಸಾಯಲಿಲ್ಲ. ಎರಡನೇ ಊರಿನ ಬಂಕಿನ ಡೀಸೆಲಿಗೆ ಗಾಡಿ ಕಡಿಮೆ ಓಡುತ್ತದೆ ಅಂತ ಒಬ್ಬರು ಹೇಳುತ್ತಲೇ ಇದ್ದರು. ಈ ಸಲ ಹುಡುಗನೇ "ಅಳೆದು ನೋಡಿ ಅಣ್ಣ" ಅಂದ.

ಬಂಕಿನ ಪಂಪು ಸರಿಯಾಗಿ ಅಳೆಯುತ್ತದೋ ಎಂಬುದನ್ನು ಯಾರು ಬೇಕಾದರೂ ಕೇಳಿ ನೋಡಬಹುದು. ಪ್ರತಿ ಬಂಕಿನಲ್ಲಿ ಕಾನೂನು ಮಾಪನ ಇಲಾಖೆಯವರು ಮುದ್ರೆ ಒತ್ತಿದ 5 ಲೀಟರಿನ ಅಳತೆ ಪಾತ್ರೆ ಇರಲೇಬೇಕು. ಗಿರಾಕಿ ಕೇಳಿದರೆ ಅದಕ್ಕೆ ಹಿಡಿದು ತೋರಿಸಬೇಕು. 5 ಲೀಟರಿಗೆ 25 ಮಿಲಿ ಆಚೀಚೆ ಇರಬಹುದು, ಅದಕ್ಕಿಂತ ಕಡಿಮೆ ಬಂದರೆ ದೂರು ಕೊಡಬಹುದು. ನಾವು ಹಿಡಿಸಿದೆವು, ಸರಿ ಇತ್ತು. ಆದರೆ ಇದು ಪಂಪಿನ ಪರೀಕ್ಷೆ. ಬಿಲ್ಲು ಒಂದು, ಹಾಕಿಸಿದ್ದು ಇನ್ನೊಂದು ಎಂಬ ಅನುಮಾನಕ್ಕೆ ಇದು ಉತ್ತರ ಅಲ್ಲ. ಅದಕ್ಕೆ ಗಾಡಿ ಎಷ್ಟು ಓಡಿತು ಅಂತಲೇ ನೋಡಬೇಕು.

ಮೈಲೇಜು ಬೋರ್ಡಿನ ದರದ ಹಾಗೆ ನಿಂತ ಅಂಕಿ ಅಲ್ಲ. ಹೊರೆ, ಘಾಟಿ, ಕೆಸರು, ಚಕ್ರದ ಗಾಳಿ, ಎಲ್ಲದಕ್ಕೂ ಏರಿ ಇಳಿಯುತ್ತದೆ. ಇಲ್ಲಿ ಪರೀಕ್ಷೆ ನಿಜವಾಗಿ ಬೇಕು. ಬಿಲ್ಲಿನಲ್ಲಿ ಎಡವಿದ್ದು ನೆನಪಿತ್ತಲ್ಲ, ಹಾಗಾಗಿ ಜೋಡಿ ಕಟ್ಟಿದೆವು. ಒಂದು ಸಲ ಮೊದಲ ಊರಿನ ಡೀಸೆಲು, ಅದರ ಹಿಂದೆಯೇ ಎರಡನೇ ಊರಿನದು. ಎರಡೂ ಸೇರಿ ಒಂದು ಜೋಡಿ. ಹತ್ತು ಹನ್ನೆರಡು ದಿನದೊಳಗೆ ಒಂದು ಜೋಡಿ ಮುಗಿಯುವುದರಿಂದ ಮಳೆ, ರಸ್ತೆ ಎರಡಕ್ಕೂ ಹೆಚ್ಚು ಕಡಿಮೆ ಒಂದೇ. ಯಾವುದು ಮೊದಲು ಎಂಬುದನ್ನು ನಾಣ್ಯ ಚಿಮ್ಮಿ ತೀರ್ಮಾನ ಮಾಡಿದೆವು, ನಮ್ಮ ಇಷ್ಟಕ್ಕೆ ಬಿಡಲಿಲ್ಲ. ಪ್ರತಿ ಸಲ ಟ್ಯಾಂಕು ಬಾಯಿವರೆಗೆ ತುಂಬಿಸಿ, ಸುಮಾರು 200 ಕಿ.ಮೀ. ಓಡಿಸಿ, ಮತ್ತೆ ಬಾಯಿವರೆಗೆ ತುಂಬಿಸಿದಾಗ ಹಿಡಿದ ಲೀಟರಿನಿಂದ ಭಾಗಿಸುವುದು. ಜೂನ್‌ನಿಂದ ಆಗಸ್ಟ್‌ವರೆಗೆ ಎಂಟು ಜೋಡಿ ಆಯಿತು. ಮಳೆಗಾಲದಲ್ಲಿ ಗಾಡಿಗೆ ಕೆಲಸ ಕಡಿಮೆ.

ಲೀಟರಿಗೆ ಹೆಚ್ಚು ಕಡಿಮೆ 12 ಕಿ.ಮೀ. ಸಿಗುತ್ತಿತ್ತು. ಮೊದಲ ಊರಿನದರಲ್ಲಿ ಎರಡನೇ ಊರಿನದನ್ನು ಕಳೆದಾಗ ಎಂಟು ಜೋಡಿಯಲ್ಲಿ ಬಂದ ವ್ಯತ್ಯಾಸ ಹೀಗೆ: 0.4, -0.3, 0.6, -0.2, 0.5, -0.4, 0.3, 0.3.

ಪೆನ್ಸಿಲು ತೆಗೆದುಕೊಳ್ಳಿ. ಕೂಡಿಸಿದರೆ 1.2, ಎಂಟರಿಂದ ಭಾಗಿಸಿದರೆ 0.15. ಲೀಟರಿಗೆ 150 ಮೀಟರ್ ಮೊದಲ ಊರಿನದು ಮುಂದೆ. ಇಷ್ಟೇ ನೋಡಿದ್ದರೆ ನಮ್ಮವರು ಮತ್ತೆ ಜಗಳಕ್ಕೆ ಹೋಗುತ್ತಿದ್ದರು. ಆದರೆ ಅಂಕಿಗಳು ಎಷ್ಟು ಚೆಲ್ಲಾಪಿಲ್ಲಿ ಇವೆ ಅಂತಲೂ ನೋಡಬೇಕು. ಒಂದೊಂದು ಅಂಕಿಯೂ 0.15ರಿಂದ ಎಷ್ಟು ದೂರ ಇದೆ ಅಂತ ಬರೆದು, ಅದನ್ನು ಅದರಿಂದಲೇ ಗುಣಿಸಿ (ಋಣ ಚಿಹ್ನೆ ಹೋಗುತ್ತದೆ), ಎಲ್ಲ ಕೂಡಿಸಿ. 1.06 ಬರುತ್ತದೆ. ಜೋಡಿಗಿಂತ ಒಂದು ಕಡಿಮೆ, ಅಂದರೆ 7ರಿಂದ ಭಾಗಿಸಿ, ವರ್ಗಮೂಲ ತೆಗೆಯಿರಿ: 0.389. ಒಂದು ಜೋಡಿಯ ಅಂಕಿ ಸಾಧಾರಣ ಇಷ್ಟು ಆಚೀಚೆ ಹೋಗುತ್ತದೆ. ಎಂಟು ಜೋಡಿಯ ಸರಾಸರಿ ಅಷ್ಟು ಓಲಾಡುವುದಿಲ್ಲ, 8ರ ವರ್ಗಮೂಲ 2.83ರಿಂದ ಭಾಗಿಸಿದಷ್ಟು: 0.138. ಈಗ 0.15 ಅನ್ನು 0.138ರಿಂದ ಭಾಗಿಸಿ. 1.09.

ಸರಾಸರಿಯು ತನ್ನದೇ ಓಲಾಟದ ಎಷ್ಟು ಪಟ್ಟು ಇದೆ ಅಂತ ಇದರ ಅರ್ಥ. ಎಷ್ಟು ಪಟ್ಟು ಇದ್ದರೆ ನಂಬಬೇಕು? ಇದಕ್ಕೆ ಕೋಷ್ಟಕ ಇದೆ. ಎಂಟು ಜೋಡಿಗೆ, ನೂರಕ್ಕೆ ಐದರ ಅಳತೆಗೆ, 2.365. ನಮ್ಮದು 1.09. ಬಹಳ ಹಿಂದೆ. ಚಿಹ್ನೆಗಳನ್ನು ಮಾತ್ರ ಎಣಿಸಿದರೂ ಐದು ಧನ, ಮೂರು ಋಣ. ಎಂಟು ಸಲ ನಾಣ್ಯ ಚಿಮ್ಮಿದರೆ ಐದು ತಲೆ ಬೀಳುವುದು ದೊಡ್ಡ ಸಂಗತಿಯೇ?

ಈ ಕೋಷ್ಟಕದ ಕಥೆ ನನಗೆ ಖುಷಿ ಕೊಟ್ಟಿತು. ಡಬ್ಲಿನ್ನಿನ ಗಿನ್ನೆಸ್ ಬಿಯರ್ ಕಂಪನಿಯಲ್ಲಿ ಗಾಸೆಟ್ ಎಂಬವರಿದ್ದರು. ಬಾರ್ಲಿ ತಳಿ ಹೋಲಿಸುವುದಕ್ಕೆ ಅವರ ಕೈಯಲ್ಲಿ ಇರುತ್ತಿದ್ದದ್ದು ನಾಲ್ಕೋ ಎಂಟೋ ತಾಕಿನ ಲೆಕ್ಕ. ಅಷ್ಟು ಕಡಿಮೆ ಅಂಕಿಯಿಂದ ತೀರ್ಮಾನ ಹೇಗೆ ಅಂತ 1908ರಲ್ಲಿ ದಾರಿ ಕಂಡುಹಿಡಿದು, ತಮ್ಮ ಹೆಸರು ಹಾಕದೆ 'ಸ್ಟೂಡೆಂಟ್' ಅಂತ ಬರೆದು ಪ್ರಕಟಿಸಿದರು. ನಮ್ಮ ಹೂವಿನಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಿ.ಆರ್. ರಾವ್ ಈ ಶಾಸ್ತ್ರದ ದೊಡ್ಡ ಹೆಸರು. ಕಲ್ಕತ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿ ಅವರು ಮಾಡಿದ ಕೆಲಸ ಜಗತ್ತಿನ ಪಠ್ಯಪುಸ್ತಕಗಳಲ್ಲಿದೆ. 2023ರಲ್ಲಿ, 102 ವರ್ಷ ಬಾಳಿ ತೀರಿಕೊಂಡರು. ನಮ್ಮ ಪಠ್ಯದಲ್ಲಿ ಅವರ ಹೆಸರು ಓದಿದ ನೆನಪು ನನಗಿಲ್ಲ.

"ಇಲ್ಲ" ಅಂತ ಸಾಬೀತಾಯಿತೇ?

ಆಗಲಿಲ್ಲ. ಇದು ನಾನು ಎರಡನೇ ಸಲ ಎಡವಿದ ಜಾಗ. 1.09 ಬಂದ ಕೂಡಲೇ "ವ್ಯತ್ಯಾಸ ಇಲ್ಲ ಅಂತ ಆಯ್ತು" ಅಂದೆ. "ಇಲ್ಲ ಅಂತ ಆಗ್ಲಿಲ್ಲ ಮಾವ, ಇದೆ ಅನ್ನೋಕೆ ಆಧಾರ ಸಾಲದು ಅಂತ ಆಯ್ತು. ಎರಡಕ್ಕೂ ವ್ಯತ್ಯಾಸ ಉಂಟು" ಅಂದಳು ಫೋನಿನಲ್ಲಿ. ಎರಡು ದಿನ ನೋಡಿ ಕೊಳೆ ಕಾಣಲಿಲ್ಲ ಅಂದರೆ ತೋಟದಲ್ಲಿ ಕೊಳೆರೋಗ ಇಲ್ಲ ಅಂತ ಅಲ್ಲವಲ್ಲ, ಹಾಗೆ.

ಹಾಗಾದರೆ ಈ ಎಂಟು ಜೋಡಿಯಿಂದ ಏನು ಹೇಳಬಹುದು? 0.138 ಅನ್ನು 2.365ರಿಂದ ಗುಣಿಸಿದರೆ 0.33. ನಿಜವಾದ ವ್ಯತ್ಯಾಸ 0.15ರಿಂದ ಆಚೀಚೆ ಅಷ್ಟರೊಳಗೆ, ಅಂದರೆ -0.18ರಿಂದ 0.48ರೊಳಗೆ ಇರಬೇಕು ಅಂತ ನಂಬಬಹುದು. ಈಗ ಅನುಮಾನದ ಮಾತನ್ನು ಇದರ ಎದುರು ಇಡಿ. 25 ಲೀಟರಿಗೆ 3 ಲೀಟರ್ ಮಾಯವಾಗುತ್ತಿದ್ದರೆ 22 ಲೀಟರಿನಲ್ಲಿ ಓಡಿದ್ದನ್ನು 25ರಿಂದ ಭಾಗಿಸಿದ ಹಾಗಾಗುತ್ತದೆ. 12ರ ಬದಲು 10.56. ವ್ಯತ್ಯಾಸ 1.44 ಬರಬೇಕಿತ್ತು. ನಮ್ಮ ಅಂಚು 0.48ಕ್ಕೇ ನಿಂತಿದೆ. ಮೂರು ಲೀಟರಿನ ಮಾತು ಸುಳ್ಳು ಅಂತ ಧೈರ್ಯವಾಗಿ ಹೇಳಬಹುದು. ಆದರೆ 0.48 ಅಂದರೆ 12ರಲ್ಲಿ ನೂರಕ್ಕೆ ನಾಲ್ಕು, 25 ಲೀಟರಿಗೆ ಒಂದು ಲೀಟರ್. ಅಷ್ಟರೊಳಗಿನದ್ದನ್ನು ನಮ್ಮ ಪರೀಕ್ಷೆ ಹಿಡಿಯಲಾರದು. ಹಿಡಿಯಬೇಕಾದರೆ ಜೋಡಿ ಹೆಚ್ಚಬೇಕು. ಓಲಾಟ ಅರ್ಧಕ್ಕೆ ಇಳಿಯಬೇಕಾದರೆ ಜೋಡಿ ಎರಡು ಪಟ್ಟು ಸಾಲದು, ನಾಲ್ಕು ಪಟ್ಟು, 32 ಬೇಕು. ವರ್ಗಮೂಲದ ಉಪದ್ರವ ಅದು.

ನಮ್ಮಲ್ಲಿ ಹಿರಿಯರೊಬ್ಬರು ಇನ್ನೊಂದು ಸರಿಯಾದ ಮಾತು ಎತ್ತಿದರು. "ಪರೀಕ್ಷೆ ಮಾಡ್ತಿದಾರೆ ಅಂತ ಗೊತ್ತಿದ್ರೆ ಎಂಥವನೂ ಸರಿಯಾಗಿ ಇರ್ತಾನೆ." ನಿಜ. ಹಾಗಾಗಿ ಹಳೇ ಲೆಕ್ಕಕ್ಕೆ ಹೋದೆವು. ಪ್ರತಿ ಬಿಲ್ಲಿನ ಹಿಂದೆ ಗಾಡಿಯ ಕಿ.ಮೀ. ಬರೆಯುವುದು ಹುಡುಗನ ಅಭ್ಯಾಸ. ನಾವು ಯಾರೂ ಹೇಳಿದ್ದಲ್ಲ, ನೋಡಿದ್ದೂ ಇಲ್ಲ. ಫೆಬ್ರುವರಿಯಿಂದ ಮೇವರೆಗೆ 25 ಬಿಲ್ಲಿನ 610 ಲೀಟರಿಗೆ 7259 ಕಿ.ಮೀ. ಅಂದರೆ ಲೀಟರಿಗೆ 11.9. ಎರಡನೇ ಊರಿನ ಹತ್ತು ಸಲವೂ ಮೂರು ಮೂರು ಲೀಟರ್ ಹೋಗಿದ್ದರೆ ಇದು 11.4ರ ಹತ್ತಿರ ಇರಬೇಕಿತ್ತು. ಬರೆದಿಟ್ಟವನ ಅಂಕಿಯೇ ಅವನ ಪರವಾಗಿ ಸಾಕ್ಷಿ ಹೇಳಿತು. ಹಿರಿಯರು ಒಪ್ಪಿದರು. ಮೊದಲು ಮಾತು ಎತ್ತಿದವರು ಇವತ್ತಿಗೂ "ಒಂದು ಲೀಟರ್ ಆಗಿರಬಹುದಲ್ಲ" ಅನ್ನುತ್ತಾರೆ. ಆಗಿರಬಹುದು, ಆಗದೆಯೂ ಇರಬಹುದು. ಲೆಕ್ಕ ಅಲ್ಲಿಗೆ ನಿಲ್ಲುತ್ತದೆ, ಮನುಷ್ಯನನ್ನು ನಂಬುವುದು ಅಲ್ಲಿಂದ ಮುಂದೆ.

ಮೂರನೇ ಊರನ್ನೂ ಸೇರಿಸಿ ಅಂತ ಕೆಲವರು ಕೇಳಿದರು. ಮೂರು ಊರು ಅಂದರೆ ಮೂರು ಹೋಲಿಕೆ. ಪ್ರತಿ ಹೋಲಿಕೆಯಲ್ಲೂ ನೂರಕ್ಕೆ ಐದು ಸಲ ಸುಳ್ಳು ಗಂಟೆ ಹೊಡೆಯಬಹುದು. ಮೂರೂ ಬಿಡಿಬಿಡಿ ಅಂತ ಹಿಡಿದರೆ ಒಂದಾದರೂ ಸುಳ್ಳು ಗಂಟೆ ಹೊಡೆಯುವ ಸಂಭವ ನೂರಕ್ಕೆ 14. ಹೋಲಿಕೆ ಹೆಚ್ಚಿದಷ್ಟೂ ಏನಾದರೊಂದು 'ವ್ಯತ್ಯಾಸ' ಸಿಕ್ಕೇ ಸಿಗುತ್ತದೆ. ಹತ್ತು ಬಗೆ ಮದ್ದು ಹೊಡೆದು ಒಂದನ್ನು ಹೊಗಳುವವರ ಮಾತು ಕೇಳುವಾಗ ಇದು ನೆನಪಿರಲಿ.

ತೋಟದಲ್ಲೂ ಇದೇ

ನಮ್ಮ ಮೂರೂ ತಾಲೂಕಿನಲ್ಲಿ ಹಳದಿ ಎಲೆ ರೋಗ ಹಳೆಯದು, ಎಲೆಚುಕ್ಕಿ ಈಚಿನ ವರ್ಷಗಳ ಪೀಡೆ. ಪ್ರತಿ ವರ್ಷ ಹೊಸ ಮದ್ದು, ಹೊಸ ಟಾನಿಕ್ಕು, "ಹೋದ ವರ್ಷ ಹೊಡೆದೆ, ಈ ವರ್ಷ ಎಲೆಚುಕ್ಕಿ ಕಡಿಮೆ" ಎಂಬ ಮಾತು. ಹೋದ ವರ್ಷ, ಈ ವರ್ಷ ಅಂತ ಹೋಲಿಸುವುದು ನಾವು ಬಿಲ್ಲು ಹೋಲಿಸಿದ ಹಾಗೇ. ಮಳೆ ಎಂಬ ತೆರಿಗೆ ನಡುವೆ ಬದಲಾಗಿರುತ್ತದೆ. ಬಾಳೆಹೊನ್ನೂರಿನ ಬಳಿಯ ಕಾಫಿ ಸಂಶೋಧನಾ ಕೇಂದ್ರದಂಥ ಕಡೆ ಪ್ರಯೋಗಕ್ಕೆ ತಾಕುಗಳನ್ನು ಚೀಟಿ ಎತ್ತಿದ ಹಾಗೆ ಹಂಚುವುದು ಇದಕ್ಕೇ. ನಾವು ಅಷ್ಟು ಮಾಡಲಾರೆವು. ಆದರೆ ಒಂದೇ ತಟ್ಟಿನಲ್ಲಿ ಅಕ್ಕಪಕ್ಕದ ಎರಡೆರಡು ಸಾಲು ಜೋಡಿ ಮಾಡಿ, ಯಾವ ಸಾಲಿಗೆ ಹೊಡೆಯುವುದು ಅಂತ ನಾಣ್ಯ ಚಿಮ್ಮಿ, ಇನ್ನೊಂದನ್ನು ಬಿಟ್ಟು, ಗರಿಯಲ್ಲಿ ಚುಕ್ಕಿ ಎಣಿಸಲು ಸಾಧ್ಯ. ಎಣಿಸುವವರಿಗೆ ಯಾವುದಕ್ಕೆ ಹೊಡೆದದ್ದು ಅಂತ ಗೊತ್ತಿಲ್ಲದಿದ್ದರೆ ಇನ್ನೂ ಒಳ್ಳೆಯದು. ಎಂಟು ಜೋಡಿಯ ಮೇಲೆ ಇರಲಿ. ಎಂಟರಲ್ಲಿ ಎಂಟೂ ಮದ್ದಿನ ಕಡೆಗೇ ಬಿದ್ದರೆ ನಾಣ್ಯದ ಲೆಕ್ಕದಲ್ಲಿ 256ಕ್ಕೆ ಒಂದು, ಆವಾಗ ಮದ್ದಿನ ಡಬ್ಬಿಗೆ ಎರಡನೇ ಸಲ ದುಡ್ಡು ಕೊಡಬಹುದು. ಐದು-ಮೂರು ಆದರೆ ಕಿಸೆ ಮುಚ್ಚಿಟ್ಟುಕೊಳ್ಳಿ. ಮುಂದಿನ ಮಳೆಗೆ ಮುಂಚೆ ನಮ್ಮ ಏಳು ಮನೆಯಲ್ಲಿ ಮೂರು ಮನೆಯವರು ಸಾಲು ಗುರುತು ಮಾಡುತ್ತೇವೆ ಅಂದಿದ್ದಾರೆ.

ಪಿಕಪ್ಪಿನ ಬಿಲ್ಲಿನ ಹಿಂದೆ ಈಗ ಹುಡುಗ ಕಿ.ಮೀ. ಜೊತೆಗೆ ಟ್ಯಾಂಕು ಬಾಯಿವರೆಗೆ ತುಂಬಿತೋ ಇಲ್ಲವೋ, ಹೊರೆ ಇತ್ತೋ ಇಲ್ಲವೋ ಅಂತಲೂ ಬರೆಯುತ್ತಾನೆ. ತಂತಿಗೆ ಚುಚ್ಚುವ ಮುಂಚೆ ಹಿಂಬದಿ ಓದುವ ಕೆಲಸ ನನಗೆ ಹಚ್ಚಿದ್ದಾರೆ.